ದೊಡ್ಡಪ್ಪನವರ ತಂಬಾಕು ಪೈಪುಗಳು: ವಿಂಗಡಣೆ, ಶುಚಿ, ದುರಸ್ತಿ ಎಲ್ಲಿಂದ ಶುರು ಮಾಡಬೇಕು?

ಹಳೇಪೆಟ್ಟಿಗೆ

ದೊಡ್ಡಪ್ಪನವರ ಪೈಪುಗಳ ಸಂಗ್ರಹ ನಮ್ಮ ಪಾಲಿಗೆ ಬಂದಿದೆ. ನಲವತ್ತರ ಆಸುಪಾಸು ಇವೆ. ಹೆಚ್ಚಿನವು ಮರದವು. ನಾಲ್ಕೈದು ಬಿಳಿ ಕಲ್ಲಿನಂಥವು, ತಳದ ಕಡೆ ಜೇನುಬಣ್ಣಕ್ಕೆ ತಿರುಗಿವೆ. ಒಂದು ಸೋರೆಬುರುಡೆಯದು. ಬಾಯಲ್ಲಿ ಕಚ್ಚುವ ಕಪ್ಪು ಸ್ಟೆಮ್‌ಗಳು ಹಳದಿ-ಹಸಿರಾಗಿ ಮಂಕಾಗಿವೆ, ಮೂಗಿನ ಹತ್ತಿರ ಹಿಡಿದರೆ ಗಂಧಕದ ವಾಸನೆ. ಕೆಲವು ಸ್ಟೆಮ್ ಬಿಗಿದುಕೊಂಡಿವೆ, ಬಿಚ್ಚಲು ಬರುತ್ತಿಲ್ಲ. ಬಟ್ಟಲೊಳಗೆ ಕಿರುಬೆರಳೂ ಹೋಗದಷ್ಟು ಮಸಿ ಕಟ್ಟಿದೆ. ಬೆಳ್ಳಿ ಪಟ್ಟಿಗಳು ಕಪ್ಪಾಗಿವೆ.

ನಾನು ಸೇದುವವನಲ್ಲ. ಒಳ್ಳೆಯವನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಆಸಕ್ತರಿಗೆ ಕೊಡುವ ಯೋಚನೆ. ಸೋಪುನೀರಿನಲ್ಲಿ ನೆನೆಹಾಕಿ ತೊಳೆದು ವಾರ್ನಿಷ್ ಹೊಡೆದರಾಯಿತು ಎಂದು ಒಬ್ಬರು ಹೇಳಿದರು. ಸರಿಯೇ? ಯಾವುದು ಬೆಲೆಯುಳ್ಳದ್ದು ಅಂತ ತಿಳಿಯುವುದು ಹೇಗೆ?

ಬೇರುಗಂಟು

ನೆನೆಹಾಕಬೇಡಿ, ವಾರ್ನಿಷ್ ಅಂತೂ ಬೇಡವೇ ಬೇಡ. ನೀರು ಹೀರಿದ ಮರ ಉಬ್ಬಿ, ಒಣಗುವಾಗ ಸೀಳುತ್ತದೆ, ಬಣ್ಣವೂ ಬಿಡುತ್ತದೆ. ವಾರ್ನಿಷ್ ಪದರ ಬಿಸಿಗೆ ಗುಳ್ಳೆ ಏಳುತ್ತದೆ. ಅದನ್ನು ಕೆರೆಯಲು ಹೋದರೆ ಮರದ ಮೇಲೆ ಒತ್ತಿದ ತಯಾರಕರ ಮುದ್ರೆಯೂ ಹೋಗುತ್ತದೆ. ಪೈಪಿನ ಬೆಲೆಯಲ್ಲಿ ದೊಡ್ಡ ಪಾಲು ಆ ಮುದ್ರೆಯದು. ಹಾಗಾಗಿ ಶುಚಿಗೆ ಕೈಹಾಕುವ ಮೊದಲು ಓದುವ ಕೆಲಸ ಮುಗಿಸಿ.

ಪ್ರತಿ ಪೈಪಿಗೂ ದಾರದಲ್ಲಿ ಚೀಟಿ ಕಟ್ಟಿ ಸಂಖ್ಯೆ ಕೊಡಿ. ಬಿಚ್ಚಿದ ಸ್ಟೆಮ್‌ಗೂ ಅದೇ ಸಂಖ್ಯೆ. ಇದನ್ನು ಬಿಟ್ಟರೆ ಸಂಗ್ರಹ ಕೆಟ್ಟಂತೆಯೇ: ನೋಡಲು ಒಂದೇ ಥರ ಇರುವ ಎರಡು ಸ್ಟೆಮ್ ಅದಲುಬದಲಾದರೆ ಒಂದು ಸಡಿಲವಾಗಿ ಕೂರುತ್ತದೆ, ಇನ್ನೊಂದನ್ನು ಒತ್ತಿ ತುರುಕಿದರೆ ಬಟ್ಟಲಿನಿಂದ ಹೊರಟ ಮರದ ಕತ್ತು ಬಿರಿಯುತ್ತದೆ. ಕತ್ತಿನ ಎರಡೂ ಬದಿ ಮತ್ತು ತಳವನ್ನು ಟಾರ್ಚ್ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಫೋಟೊ ತೆಗೆಯಿರಿ. ಅಕ್ಷರ ಸವೆದಿದ್ದರೆ ಸೀಮೆಸುಣ್ಣದ ಪುಡಿಯನ್ನು ಬೆರಳಲ್ಲಿ ಮೆಲ್ಲಗೆ ಸವರಿ ಒರೆಸಿ, ಗುಂಡಿಯಲ್ಲಿ ಉಳಿದ ಬಿಳಿಯಿಂದ ಓದಲು ಬರುತ್ತದೆ.

ಮುದ್ರೆ ಹೇಳುವುದು ಕಡಿಮೆಯಲ್ಲ. ಸ್ಟೆಮ್ ಮೇಲೆ ಒಂದೇ ಬಿಳಿ ಚುಕ್ಕೆಯಿದ್ದು ಕತ್ತಿನಲ್ಲಿ ಡನ್‌ಹಿಲ್ ಎಂಬ ತಯಾರಕರ ಹೆಸರಿದ್ದರೆ, ಇಂಗ್ಲೆಂಡ್ ಎಂಬ ಪದದ ಬೆನ್ನಿಗೆ ಕೂತ ಪುಟ್ಟ ಅಂಕಿ ತಯಾರಾದ ವರ್ಷದ ಸುಳಿವು. ಚುಕ್ಕೆಯೊಂದನ್ನೇ ನಂಬಬೇಡಿ, ಬೇರೆಯವರೂ ಚುಕ್ಕೆ ಇಟ್ಟಿದ್ದಾರೆ. ಐರ್ಲೆಂಡಿನ ಪೀಟರ್ಸನ್ ಕಂಪನಿಯ ಪೈಪಿನಲ್ಲಿ ಐರಿಷ್ ಫ್ರೀ ಸ್ಟೇಟ್ ಎಂದಿದ್ದರೆ 1922ರಿಂದ 1937ರ ನಡುವಿನದು, ರಿಪಬ್ಲಿಕ್ ಆಫ್ ಐರ್ಲೆಂಡ್ ಎಂದಿದ್ದರೆ 1949ರ ನಂತರದ್ದು. ಸಾಂ ಕ್ಲೋದ್ ಎಂದು ಕಂಡರೆ ಅದು ಫ್ರಾನ್ಸಿನ ಜುರಾ ಬೆಟ್ಟಸೀಮೆಯ ಊರು, ಬ್ರಯರ್ ಎಂಬ ಗಿಡದ ಬೇರುಗಂಟಿನಿಂದ ಮಾಡುವ ಪೈಪಿನ ಹಳೆಯ ಕೇಂದ್ರ. ಅಲ್ಲಿ ಅಗ್ಗದ್ದೂ ಒಳ್ಳೆಯದೂ ಎರಡೂ ತಯಾರಾಗುತ್ತಿದ್ದವು. ಬೆಳ್ಳಿ ಪಟ್ಟಿಯಲ್ಲಿ ನಡೆಯುವ ಸಿಂಹ ಇದ್ದರೆ ಇಂಗ್ಲೆಂಡಿನ 925 ಬೆಳ್ಳಿ. ಪಕ್ಕದ ಲಂಗರು ಬರ್ಮಿಂಗ್‌ಹ್ಯಾಮ್‌ನದು, ಚಿರತೆ ತಲೆ ಲಂಡನ್ನಿನದು, ಒಂಟಿ ಅಕ್ಷರ ವರ್ಷದ್ದು. ಆದ್ದರಿಂದ ಪಟ್ಟಿಗೆ ಪಾಲಿಶ್ ಪೇಸ್ಟ್ ಹಚ್ಚಿ ತಿಕ್ಕಬೇಡಿ, ಬೆಳ್ಳಿ ಒರೆಸುವ ಬಟ್ಟೆಯಲ್ಲಿ ಹಗುರವಾಗಿ ಸವರಿದರೆ ಸಾಕು.

ಆಮೇಲೆ ಮೂರು ರಾಶಿ ಮಾಡಿ. ಮುದ್ರೆ ಸ್ಪಷ್ಟವಿದ್ದು ಬಿರುಕಿಲ್ಲದವು ಒಂದು. ಚೆನ್ನಾಗಿದ್ದೂ ಹೆಸರಿಲ್ಲದವು ಇನ್ನೊಂದು. ಬಟ್ಟಲ ಗೋಡೆ ಸುಟ್ಟವು, ಕತ್ತು ಸೀಳಿದವು ಮೂರನೆಯದು. ಕೈಪಳಗಲು ಈ ಮೂರನೆಯ ರಾಶಿಯಿಂದಲೇ ಶುರು ಮಾಡಿ.

ಕಪ್ಪುಮಸಿ

ಮರದ ಪೈಪುಗಳ ಕೆಲಸದ ಕ್ರಮ ಹೇಳುತ್ತೇನೆ. ಕೈಗವಸು, ಮಾಸ್ಕ್ ಕಡ್ಡಾಯ. ತಂಬಾಕಿನ ಹೊಗೆಯಿಂದ ಕೂರುವ ಅಂಟಾದ ಟಾರಿನಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ಒಳಸೇರುತ್ತದೆ, ಕಪ್ಪು ಸ್ಟೆಮ್‌ನ ಗಟ್ಟಿ ರಬ್ಬರ್, ಅಂದರೆ ಎಬೊನೈಟ್, ಅದರ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ.

ಬಿಗಿದ ಸ್ಟೆಮ್: ಕತ್ತಿನೊಳಗೆ ಟಾರು ಗಟ್ಟಿಯಾಗಿ ಅಂಟಿನಂತೆ ಹಿಡಿದಿರುತ್ತದೆ. ಪೈಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಅರ್ಧ ಗಂಟೆ ಇಡಿ. ಸ್ಟೆಮ್ ಮರಕ್ಕಿಂತ ಹೆಚ್ಚು ಕುಗ್ಗುತ್ತದೆ. ಬಟ್ಟಲನ್ನಲ್ಲ, ಕತ್ತನ್ನೇ ಮುಷ್ಟಿಯಲ್ಲಿ ಹಿಡಿದು ಸ್ಟೆಮ್ಮನ್ನು ಗಡಿಯಾರದ ದಿಕ್ಕಿಗೆ ತಿರುಗಿಸುತ್ತಲೇ ಎಳೆಯಿರಿ. ಅಲುಗಿಸಿ ಎಳೆದರೆ ಕತ್ತಿನೊಳಗಿನ ಸಣ್ಣ ತುದಿ, ಅಂದರೆ ಟೆನನ್, ಅಲ್ಲೇ ಮುರಿಯುತ್ತದೆ. ಬೆಳ್ಳಿ ಬಾಯಿಯೊಳಗೆ ಬೆಣೆಯಂತೆ ಕೂರುವ ಪೀಟರ್ಸನ್ ಥರದವನ್ನೂ ತುಸು ತಿರುವಿ ನೇರ ಎಳೆಯಿರಿ. ಕೇವುಡಿ ಕಂಪನಿಯ ಪೈಪುಗಳಲ್ಲಿ ತಿರುಪು ಇರುತ್ತದೆ, ಅವನ್ನು ಎಡಕ್ಕೆ ತಿರುಗಿಸಿ.

ಬಟ್ಟಲ ಕಿಟ್ಟ, ಅಂದರೆ ನೀವು ಹೇಳಿದ ಮಸಿ: ಮರವನ್ನು ಬಿಸಿಯಿಂದ ಕಾಯುವ ಪದರ ಇದು, ಆದರೆ 1ರಿಂದ 1.5 ಮಿಲಿಮೀಟರ್ ಸಾಕು. ಅದಕ್ಕಿಂತ ದಪ್ಪವಾದರೆ ಕಾದಾಗ ಮರಕ್ಕಿಂತ ಹೆಚ್ಚು ಹಿಗ್ಗಿ ಬಟ್ಟಲನ್ನೇ ಒಡೆಯುತ್ತದೆ. ಇದಕ್ಕೆಂದೇ ಬರುವ ರೀಮರ್ ಎಂಬ ಕೆರೆಯುವ ಸಾಧನದಲ್ಲಿ ಅತಿ ಚಿಕ್ಕ ಅಲಗಿನಿಂದ ಆರಂಭಿಸಿ, ಒತ್ತದೆ ತಿರುಗಿಸಿ, ಆಗಾಗ ಪುಡಿ ಸುರಿಯಿರಿ. ಚೂರಿಯಿಂದ ಕೆರೆಯಬೇಡಿ. ಗೋಡೆಗೆ ಗೀರು ಬಿದ್ದು, ದುಂಡಗಿನ ರಂಧ್ರ ಅಂಡಾಕಾರವಾಗುತ್ತದೆ. ಕೊನೆಗೆ ಬೆರಳುಗಾತ್ರದ ಕಡ್ಡಿಗೆ 220ರ ಸ್ಯಾಂಡ್‌ಪೇಪರ್ ಸುತ್ತಿ ಸಮ ಮಾಡಿ, ಟಾರ್ಚ್ ಬಿಟ್ಟು ನೋಡಿ. ಜೇಡರಬಲೆಯಂಥ ಮೇಲುಮೇಲಿನ ಬಿರುಕಿಗೆ ಹೆದರಬೇಕಿಲ್ಲ. ಉಗುರಿಗೆ ಮೆತ್ತಗೆ ಸಿಗುವ ಕುಳಿ ಇದ್ದು ಹೊರಗೂ ಅದೇ ಜಾಗ ಕಪ್ಪಾಗಿದ್ದರೆ ಅದು ಸುಟ್ಟ ಗೋಡೆ, ಮೂರನೆಯ ರಾಶಿಗೆ ಹೋಗಲಿ.

ಅಂಚಿನ ಮೇಲಿನ ಟಾರಿಗೆ ಎಂಜಲು ತಾಗಿಸಿದ ಹತ್ತಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ತಾಳ್ಮೆ ಬೇಕು. ಅಂಚನ್ನು ಸ್ಯಾಂಡ್‌ಪೇಪರ್ ಮೇಲೆ ತಲೆಕೆಳಗಾಗಿ ಉಜ್ಜಿ ಸಪಾಟು ಮಾಡುವವರಿದ್ದಾರೆ. ಪೈಪಿನ ಎತ್ತರವೇ ಬದಲಾಗುತ್ತದೆ, ಒಳ್ಳೆಯ ಪೈಪಿಗೆ ಹಾಗೆ ಮಾಡಬಾರದು.

ಹೊಗೆಯ ದಾರಿ: 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಪೈಪ್ ಕ್ಲೀನರ್ ಮತ್ತು ಹತ್ತಿಕಡ್ಡಿ, ಬಿಳಿಯಾಗಿ ಹೊರಬರುವ ತನಕ. ಮರದ ಹೊರಮೈಗೆ ಹನಿ ಬಿದ್ದರೂ ಬಣ್ಣ ಎದ್ದುಬರುತ್ತದೆ. ವಾಸನೆ ಹೋಗದಿದ್ದರೆ ಸ್ಟೆಮ್ ತೆಗೆದು, ಕತ್ತಿನ ಬಾಯಿಗೆ ಹತ್ತಿ ತುರುಕಿ, ಬಟ್ಟಲಿಗೆ ಅಯೋಡಿನ್ ಇಲ್ಲದ ಉಪ್ಪು ತುಂಬಿ, ಡ್ರಾಪರ್‌ನಲ್ಲಿ ಆಲ್ಕೊಹಾಲ್ ಹನಿಸಿ 12ರಿಂದ 24 ಗಂಟೆ ಬಿಡಿ. ಉಪ್ಪು ಕಂದಾಗುತ್ತದೆ. ಸುರಿದು, ಒಂದು ವಾರ ಒಣಗಿಸಿ.

ಸ್ಟೆಮ್: ಎಬೊನೈಟ್ ಎಂದರೆ ಗಂಧಕ ಬೆರೆಸಿದ ರಬ್ಬರ್. ಬೆಳಕು, ತೇವ ತಾಗಿದಾಗ ಮೇಲಿನ ಗಂಧಕ ಉತ್ಕರ್ಷಿಸಿ ಹಳದಿ ಹತ್ತುತ್ತದೆ. ಬಿಸಿನೀರಿಗೆ ಹಾಕಿದರೆ ಇನ್ನೂ ಕಂದಾಗುತ್ತದೆ, ಬಗ್ಗಿದ ಸ್ಟೆಮ್ ನೆಟ್ಟಗಾಗುವ ಅಪಾಯ ಬೇರೆ. ಬ್ಲೀಚ್ ಹಾಕಿದರೆ ಮೈತುಂಬ ಸೂಕ್ಷ್ಮ ಕುಳಿ. ನೀರು ಚಿಮುಕಿಸಿ 400, 600, 1000, 2000ರ ಕಾಗದದಲ್ಲಿ ಕ್ರಮವಾಗಿ ಉಜ್ಜುವುದೇ ನಂಬಿಕಸ್ಥ ದಾರಿ. ಕತ್ತಿಗೆ ತಾಗುವ ಅಂಚು ದುಂಡಾಗಿಬಿಟ್ಟರೆ ಸೇರಿಸಿದಾಗ ಸಂದು ಕಾಣುತ್ತದೆ. ಅದಕ್ಕೆ ಟೆನನ್‌ಗೆ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ತೂರಿಸಿಕೊಂಡು ಉಜ್ಜಿ. ಹಲ್ಲಿನ ಗುರುತು ಆಳವಿಲ್ಲದಿದ್ದರೆ ಲೈಟರ್ ಜ್ವಾಲೆಯನ್ನು ಮೇಲಿಂದ ಬೇಗ ಬೇಗ ಆಡಿಸಿ, ಎಬೊನೈಟ್ ಹಳೆಯ ಆಕಾರಕ್ಕೆ ತಾನೇ ಏಳುತ್ತದೆ. ಆಲ್ಕೊಹಾಲ್ ಬಾಟಲಿ ಆಗ ಆ ಕೋಣೆಯಲ್ಲೇ ಇರಬಾರದು. ಹಳದಿಯೇ ಹತ್ತದ, ಮುಟ್ಟಿದರೆ ಗಟ್ಟಿ ಎನಿಸುವ ಸ್ಟೆಮ್ ಅಕ್ರಿಲಿಕ್. ಅದಕ್ಕೆ ಜ್ವಾಲೆಯೂ ಬೇಡ, ಆಲ್ಕೊಹಾಲಿನಲ್ಲಿ ನೆನೆಸುವುದೂ ಬೇಡ.

ಬೇರುಗಂಟು

ಉಪ್ಪಿನ ವಿಷಯದಲ್ಲಿ ನನ್ನ ಒಪ್ಪಿಗೆಯಿಲ್ಲ. ಆಲ್ಕೊಹಾಲ್ ಜೊತೆ ಉಪ್ಪೂ ಮರದ ರಂಧ್ರ ಸೇರಿ, ಒಣಗಿದಾಗ ಹರಳುಗಟ್ಟಿ ಗೋಡೆಯನ್ನು ಒಳಗಿನಿಂದ ತಳ್ಳುತ್ತದೆ. ಕತ್ತಿನ ಬುಡ ಸೀಳುವುದು ಹೀಗೆಯೇ. ಬಟ್ಟಲಿಗೆ ಹತ್ತಿಯುಂಡೆ ತುಂಬಿ ಆಲ್ಕೊಹಾಲ್ ಹನಿಸಿದರೂ ಟಾರು ಹತ್ತಿಗೆ ಏರುತ್ತದೆ, ಉಳಿಕೆ ಏನೂ ಇರುವುದಿಲ್ಲ.

ಕಪ್ಪುಮಸಿ

ದಪ್ಪ ಗೋಡೆಯ ಪೈಪಿಗೆ ಉಪ್ಪು ತೊಂದರೆ ಕೊಡುವುದು ಅಪರೂಪ ಎಂದೇ ನನ್ನ ಅಭಿಪ್ರಾಯ. ಆದರೆ ಇಲ್ಲಿ ಕೇಳುತ್ತಿರುವವರು ಹೊಸಬರು, ಪೈಪುಗಳು ಹಿರಿಯರವು. ಹತ್ತಿಯೇ ಇರಲಿ.

ಬಿಳಿಕಲ್ಲು

ಮೇಲೆ ಹೇಳಿದ ಯಾವುದನ್ನೂ ಬಿಳಿಯವಕ್ಕೆ ಮಾಡಬೇಡಿ. ಅವು ಮೀರ್‌ಶಾಮ್, ಅಂದರೆ ಸೆಪಿಯೊಲೈಟ್ ಎಂಬ ಮೆಗ್ನೀಸಿಯಮ್ ಖನಿಜ. ಇದರ ಹೆಸರಾಂತ ಗಣಿ ಟರ್ಕಿಯ ಎಸ್ಕಿಶೆಹಿರ್‌ನಲ್ಲಿದೆ. ಒಣಗಿದ್ದಾಗ ನೀರಿನಲ್ಲಿ ತೇಲುವಷ್ಟು ಹಗುರ. ಪರೀಕ್ಷಿಸಲು ನೀರಿಗೆ ಬಿಡಬೇಡಿ, ಒದ್ದೆಯಾದರೆ ಮೆತ್ತಗಾಗಿ ಉಗುರು ತಾಗಿದರೂ ಗೀರು ಬೀಳುತ್ತದೆ. ನೀವು ಹೇಳಿದ ಜೇನುಬಣ್ಣ ಕೊಳೆಯಲ್ಲ. ವರ್ಷಗಟ್ಟಲೆ ಸೇದಿದಾಗ ಟಾರನ್ನು ಕಲ್ಲು ಹೀರಿ, ಹೊರಗೆ ಲೇಪಿಸಿದ ಜೇನುಮೇಣದಲ್ಲಿ ಅದು ನೆಲೆನಿಂತ ಬಣ್ಣ. ಅದನ್ನು ತೆಗೆದರೆ ಮತ್ತೆ ಬಾರದು. ಹೊರಗೆ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಸಾಕು. ಒಳಗಿನ ಕಿಟ್ಟವನ್ನು ಮಾತ್ರ ಪೂರ್ತಿ ತೆಗೆಯಬೇಕು, ಈ ಕಲ್ಲಿಗೆ ರಕ್ಷಣೆಯ ಪದರ ಬೇಕಿಲ್ಲ. ರೀಮರ್ ಬೇಡ, ಬೆರಳಿಗೆ ಸುತ್ತಿದ 320ರ ಕಾಗದ ಸಾಕು.

ಹಳೆಯ ಮೀರ್‌ಶಾಮ್‌ಗಳಲ್ಲಿ ಮೂಳೆಯ ತಿರುಪು ಇರುತ್ತದೆ. ಬಲವಂತವಾಗಿ ತಿರುಗಿಸಿದರೆ ಕಲ್ಲಿನಲ್ಲಿ ಕೊರೆದ ಗೀರುಗಳು ಪುಡಿಯಾಗುತ್ತವೆ. ಫ್ರೀಜರ್ ಕೂಡದು. ಸ್ಟೆಮ್ ಹಳದಿಯಾಗಿ ಪಾರದರ್ಶಕವಾಗಿದ್ದರೆ ಅಂಬರ್ ಇರಬಹುದು, ಸಣ್ಣ ಪೆಟ್ಟಿಗೂ ಚೂರಾಗುತ್ತದೆ, ಆಲ್ಕೊಹಾಲ್ ತಾಗಿಸಬಾರದು.

ಸೋರೆಬುರುಡೆಯದು ಕ್ಯಾಲಬಾಶ್. ಮೇಲಿನ ಬಿಳಿ ಬಟ್ಟಲನ್ನು ಎರಡು ಹೆಬ್ಬೆರಳಲ್ಲಿ ಸುತ್ತಲೂ ಸಮನಾಗಿ ಒತ್ತುತ್ತ ಎತ್ತಿ. ಕೆಳಗೆ ಕಾರ್ಕಿನ ಬಳೆ ಇರುತ್ತದೆ, ಒಣಗಿ ಪುಡಿಯಾಗಿದ್ದರೆ ಹೊಸ ಕಾರ್ಕ್ ಹಾಳೆ ಕತ್ತರಿಸಿ ಅಂಟಿಸಬಹುದು. ಬುರುಡೆಯೊಳಗೆ ಒಣ ಬ್ರಷ್ ಮಾತ್ರ.

ಹಳೇಪೆಟ್ಟಿಗೆ

ಎಲ್ಲರಿಗೂ ಧನ್ಯವಾದ. ಚೀಟಿ ಕಟ್ಟಿ ಫೋಟೊ ತೆಗೆಯುವುದನ್ನು ಶುರು ಮಾಡುತ್ತೇನೆ. ಇನ್ನೆರಡು ಪ್ರಶ್ನೆ: ವಾರ್ನಿಷ್ ಬೇಡವೆಂದರೆ ಮರಕ್ಕೆ ಹೊಳಪು ಕೊಡುವುದು ಹೇಗೆ, ಆಲಿವ್ ಎಣ್ಣೆ ಸವರಬಹುದೇ? ಒಂದರ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಅದಕ್ಕೇನು ಮಾಡಲಿ?

ಕಪ್ಪುಮಸಿ

ಅಡುಗೆ ಎಣ್ಣೆ ಯಾವುದೂ ಬೇಡ, ಕೆಲ ತಿಂಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ. ನುಣುಪಾದ ಮರಕ್ಕೆ ಕಾರ್ನೌಬಾ ಎಂಬ ಗಟ್ಟಿ ಸಸ್ಯಮೇಣ, ಬಟ್ಟೆಚಕ್ರದಲ್ಲಿ ಕಡಿಮೆ ವೇಗದಲ್ಲಿ. ಮುದ್ರೆಯಿರುವ ಜಾಗಕ್ಕೆ ಚಕ್ರ ತಾಗಿಸದೆ ಕೈಯಲ್ಲೇ ತಿಕ್ಕಿ. ಉಬ್ಬುತಗ್ಗಿನ ಮೈಯ ಪೈಪಿಗೆ ಕಾರ್ನೌಬಾ ಹಚ್ಚಿದರೆ ತಗ್ಗುಗಳಲ್ಲಿ ಬಿಳಿಯಾಗಿ ಕೂರುತ್ತದೆ. ಅವಕ್ಕೆ ಮೈಕ್ರೊಕ್ರಿಸ್ಟಲೈನ್ ಮೇಣವನ್ನು ತೆಳುವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಬ್ರಷ್ ಆಡಿಸಿ.

ಬೇರುಗಂಟು

ಬಿರುಕು ಎಲ್ಲಿ ಮುಗಿಯುತ್ತದೆಂದು ಭೂತಗನ್ನಡಿಯಲ್ಲಿ ನೋಡಿ, ಸರಿಯಾಗಿ ಆ ತುದಿಯಲ್ಲಿ ಅರ್ಧ ಮಿಲಿಮೀಟರ್ ಬಿಟ್‌ನಿಂದ ಚಿಕ್ಕ ತೂತು ಕೊರೆಯಿರಿ. ಎಳೆತ ತೂತಿನ ಸುತ್ತ ಹಂಚಿಹೋಗುವುದರಿಂದ ಬಿರುಕು ಮುಂದೆ ಓಡುವುದಿಲ್ಲ. ಆಮೇಲೆ ತೆಳ್ಳನೆಯ ಸೂಪರ್ ಗ್ಲೂ ಹನಿಸಿ, ಬಿಗಿಹಿಡಿದು ಒಣಗಿಸಿ, ಕತ್ತಿನ ಅಳತೆಗೆ ಸರಿಹೊಂದುವ ಲೋಹದ ಪಟ್ಟಿ ತೊಡಿಸಿ. ಮುದ್ರೆ ಕತ್ತಿನ ತುದಿಯವರೆಗೂ ಇದ್ದರೆ ಪಟ್ಟಿ ಅದನ್ನು ಮುಚ್ಚುತ್ತದೆ. ಹಾಗಿದ್ದಲ್ಲಿ ಅಂಟು ಮಾತ್ರ ಹಾಕಿ, ಸ್ಟೆಮ್ ಸಿಕ್ಕಿಸದೆ ಜೊತೆಯಲ್ಲಿ ಬೇರೆಯಾಗಿಡಿ.