ಅರ್ಧಕ್ಕೇ ನಿಲ್ಲುವ ರೂಫ್: ರಿಪೇರಿ ಮಾಡಿಸಲಾ, ಮುಚ್ಚಿಟ್ಟುಬಿಡಲಾ?

ಬಿಸಿಲುಗುದುರೆ (ಕೇಳಿದವರು)
ನನ್ನದು ಕನ್ವರ್ಟಿಬಲ್, ಅಂದರೆ ರೂಫ್ ಮಡಚಿ ತೆರೆಯುವ ಕಾರು. ಗಾಡಿಗೆ 19 ವರ್ಷ. ಬಟ್ಟೆ ರೂಫ್, ಹೈಡ್ರಾಲಿಕ್ (ಪಂಪ್ ಒತ್ತುವ ಎಣ್ಣೆಯ ಬಲದಿಂದ ಸಿಲಿಂಡರುಗಳು ರೂಫ್ ಎತ್ತುತ್ತವೆ). ಒಂದು ತಿಂಗಳಿಂದ ತೆರೆಯುವಾಗ ಎಡಗಡೆ ಮುಂದೆ ಹೋಗುತ್ತದೆ, ಬಲಗಡೆ ಹಿಂದೆ ಬೀಳುತ್ತದೆ. ಅರ್ಧಕ್ಕೆ ಬಂದು ನಿಲ್ಲುತ್ತದೆ, ಪಂಪ್ ಮಾತ್ರ ಕೂಗುತ್ತಲೇ ಇರುತ್ತದೆ. ಹಿಂದಿನ ಸೀಟಿನ ಬಲಮೂಲೆಯ ಕಾರ್ಪೆಟ್ ಅಂಟಂಟಾಗಿದೆ. ಇಡೀ ಸೆಟ್ ಬದಲಿಸಬೇಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಹೀಗಾದವರು ಏನು ಮಾಡಿದಿರಿ? ಮುಚ್ಚಿ ಹಾಗೇ ಬಿಟ್ಟುಬಿಡೋಣ ಅಂತಲೂ ಅನಿಸುತ್ತಿದೆ.

ಗ್ರೀಸ್‌ಕೈ
"ಇಡೀ ಸೆಟ್" ಅನ್ನುವ ಮಾತು ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. ನನಗೂ ಅದನ್ನೇ ಹೇಳಿದ್ದರು. ಆ ಎಸ್ಟಿಮೇಟ್ ಹಾಳೆ ಇನ್ನೂ ಡ್ರಾಯರಿನಲ್ಲಿದೆ. ಪಂಪ್, 6 ಸಿಲಿಂಡರ್, ಪೈಪುಗಳ ಗೊಂಚಲು, ಕೂಲಿ 14 ಗಂಟೆ. ಒಟ್ಟು ಮೊತ್ತ ನಾನು ಗಾಡಿ ಕೊಂಡ ದುಡ್ಡಿಗಿಂತ ಜಾಸ್ತಿ. ಮೂಗಿಗಿಂತ ಮೂಗುತಿ ಭಾರ.

ಪಂಪ್ ಸರಿಯಾಗೇ ಇತ್ತು. ಸೋರುತ್ತಿದ್ದದ್ದು ಒಂದು ಸಿಲಿಂಡರ್. ಅದನ್ನು ಬಿಚ್ಚಿ, ಸೀಲ್ (ಎಣ್ಣೆ ಸೋರದಂತೆ ತಡೆಯುವ ಬಳೆ) ಹಾಕುವವರಿಗೆ ಕಳಿಸಿದೆ. ವಾಪಸ್ ಬರಲು 9 ದಿನ. ಜೋಡಿಸಿದೆ, ಚೆನ್ನಾಗಿ ಓಡಿತು. ಸರಿಯಾಗಿ 5 ವಾರ. ಆಮೇಲೆ ಪಕ್ಕದ್ದು ಸೋರಿತು. ಅದನ್ನೂ ಕಳಿಸಿದೆ. ಮತ್ತೆ ಎರಡು ತಿಂಗಳಿಗೆ ಮುಂದಿನ ಲಾಚಿನದು (ರೂಫನ್ನು ಮುಂಗಾಜಿನ ಚೌಕಟ್ಟಿಗೆ ಬಿಗಿಯುವ ಕೊಂಡಿಯದು) ಸೋರಿ, ಕನ್ನಡಿ ಪಕ್ಕದಿಂದ ನನ್ನ ಬಿಳಿ ಅಂಗಿಯ ಮೇಲೇ ಹನಿಯಿತು. ಎಲ್ಲ ಸೀಲೂ ಒಂದೇ ವಯಸ್ಸಿನವು ಅಲ್ವಾ? ಒಂದನ್ನು ಗಟ್ಟಿ ಮಾಡಿದರೆ ಒತ್ತಡ ಇನ್ನೊಂದರಲ್ಲಿ ದಾರಿ ಹುಡುಕುತ್ತದೆ. ಕೊನೆಗೆ ಉಳಿದ ಮೂರನ್ನೂ ಬಿಚ್ಚಿದೆ. ಒಳಗಿನ ಹಳೇ ಪಾಲಿಯುರೆಥೇನ್ ಸೀಲ್ ಬೆರಳಿಗೆ ಬೆಲ್ಲದ ಪಾಕದ ಹಾಗೆ ಅಂಟಿತು. ಈಗ ಎಲ್ಲದರಲ್ಲೂ ವಿಟಾನ್ ಸೀಲ್, ಎಣ್ಣೆಗೆ ಜಗ್ಗದ ರಬ್ಬರ್.

ಒಟ್ಟು 31 ಗಂಟೆ. ಮುರಿದ ಪ್ಲಾಸ್ಟಿಕ್ ಕ್ಲಿಪ್ 11. ಪೈಪುಗಳಿಗೆ ಗುರುತು ಹಾಕದೆ ಬಿಚ್ಚಿದ್ದಕ್ಕೆ, ಮುಚ್ಚುವ ಬಟನ್ ಒತ್ತಿದರೆ ರೂಫ್ ತೆರೆಯಲು ಹೊರಟಿತು. ಎಣ್ಣೆಯ ಮಟ್ಟವನ್ನು ರೂಫ್ ಯಾವ ಸ್ಥಿತಿಯಲ್ಲಿದ್ದಾಗ ನೋಡಬೇಕು ಅಂತ ಕೈಪಿಡಿಯಲ್ಲಿ ಬರೆದಿರುತ್ತದೆ. ಓದದೆ ತುಂಬಿಸಿದೆ. ಉಕ್ಕಿ ಡಿಕ್ಕಿಯೆಲ್ಲ ಎಣ್ಣೆ.

ಕೀಲಿಕೈ
31 ಗಂಟೆ ಅಂತ ಹೆಮ್ಮೆ ಪಡುತ್ತೀರಲ್ಲ, ನನ್ನದು ಕೇಳಿ. ನನ್ನ ರೂಫ್ ಒಂದು ದಿನ ಅಲುಗಾಡಲೇ ಇಲ್ಲ. ಮೊದಲು ಫ್ಯೂಸ್. ಆಮೇಲೆ ರಿಲೇ. ಆಮೇಲೆ ಬಟನ್ ಬದಲಿಸಿದೆ. ಆಮೇಲೆ ಹಳೇ ಗಾಡಿಯೊಂದರಿಂದ ಕಂಟ್ರೋಲ್ ಮಾಡ್ಯೂಲ್ (ರೂಫನ್ನು ಆಡಿಸುವ ಎಲೆಕ್ಟ್ರಾನಿಕ್ ಡಬ್ಬಿ) ತಂದು ಹಾಕಿದೆ, ಅದಕ್ಕೆ ಕೋಡಿಂಗ್ ಬೇಕು ಅಂದರು, ಕೋಡಿಂಗೂ ಮಾಡಿಸಿದೆ. ಮೂರು ವಾರಾಂತ್ಯ ಹೋಯಿತು. ಕೊನೆಗೆ ಗೊತ್ತಾಗಿದ್ದೇನು? ಡಿಕ್ಕಿಯೊಳಗೆ ಸಾಮಾನು ತಡೆಯುವ ಅಡ್ಡಪರದೆ ಕೊಂಡಿಗೆ ಸಿಕ್ಕಿರಲಿಲ್ಲ. ರೂಫ್ ಮಡಚಿ ಕೂರುವ ಜಾಗ ಖಾಲಿ ಇದೆ ಅಂತ ಅಲ್ಲಿನ ಸಣ್ಣ ಸ್ವಿಚ್ ಹೇಳದಿದ್ದರೆ ರೂಫ್ ಮಿಸುಕುವುದಿಲ್ಲ. ಬೆಟ್ಟ ಅಗೆದು ಇಲಿ ಹಿಡಿದೆ.

ಮಾರನೇ ವರ್ಷ ಮತ್ತೆ ನಿಂತಿತು. ಈ ಸಲ ಪರದೆ ಸರಿಯಾಗೇ ಇತ್ತು. ಡಿಕ್ಕಿ ಮುಚ್ಚಳದ ಕೀಲಿನ ಹತ್ತಿರ ವೈರ್ ಬಗ್ಗಿ ಬಗ್ಗಿ ಒಳಗೇ ತುಂಡಾಗಿತ್ತು. ಹೊರಗಿನ ಪ್ಲಾಸ್ಟಿಕ್ ಹೊಸದರ ಹಾಗೆ ಕಾಣುತ್ತಿತ್ತು.

ಇನ್ನೊಂದು. ರೂಫ್ ಆಡಿಸುವಾಗ ಎಂಜಿನ್ ಚಾಲೂ ಇರಲಿ. ಪಂಪ್ ಬ್ಯಾಟರಿಯನ್ನು ಸಿಕ್ಕಾಪಟ್ಟೆ ಎಳೆಯುತ್ತದೆ. ವೋಲ್ಟೇಜ್ ಬಿದ್ದರೆ ಮಾಡ್ಯೂಲ್ ನಡುವೆಯೇ ಕೈ ಬಿಡುತ್ತದೆ. ಅರ್ಧಕ್ಕೆ ನಿಲ್ಲುವ ರೂಫುಗಳಲ್ಲಿ ಎಷ್ಟೋ ಬರೀ ಮುದಿ ಬ್ಯಾಟರಿಯ ಕತೆ.

ಗ್ರೀಸ್‌ಕೈ
ಅವರ ಕಾರ್ಪೆಟ್ ಅಂಟಂಟು ಅಂತ ಬರೆದಿದ್ದಾರೆ. ಬ್ಯಾಟರಿ ಎಣ್ಣೆ ಸೋರುತ್ತದಾ?

ಕೀಲಿಕೈ
ನನ್ನ ಅನುಭವ ಹೇಳಿದೆ ಅಷ್ಟೇ. ಗುರುತು ಹಾಕದೆ ಪೈಪ್ ಬಿಚ್ಚಿದವರಿಂದ ಪಾಠ ಬೇಡ.

ನಾಲ್ಕನೇ ಗೇರ್
ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟಿರಿ. ಎಣ್ಣೆ. ಕಡಿಮೆಯಾದರೆ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಸ್ವಲ್ಪ ಸುರಿಯಿರಿ, ನಾನು 8 ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಒಂದು ಹನಿ ಸೋರಿಲ್ಲ.

ಗ್ರೀಸ್‌ಕೈ
ದಯವಿಟ್ಟು ಯಾರೂ ಇದನ್ನು ಕಣ್ಣು ಮುಚ್ಚಿ ನಂಬಬೇಡಿ. ಎಷ್ಟೋ ಅಮೆರಿಕನ್ ಗಾಡಿಗಳ ಪಂಪಿಗೆ ಎಟಿಎಫ್ ಸರಿ. ಎಷ್ಟೋ ಯುರೋಪಿಯನ್ ಗಾಡಿಗಳಿಗೆ ಬೇರೆಯೇ ಹೈಡ್ರಾಲಿಕ್ ಎಣ್ಣೆ ಬೇಕು. ಒಂದು ಕಾಲಕ್ಕೆ ಅಮೆರಿಕನ್ ಗಾಡಿಗಳ ರೂಫಿಗೆ ಬ್ರೇಕ್ ಎಣ್ಣೆಯನ್ನೇ ಹಾಕುತ್ತಿದ್ದರು, ಸೋರಿದ ಕಡೆ ಪೇಂಟ್ ಎದ್ದು ಬರುತ್ತಿತ್ತು. ಬ್ರೇಕ್ ಎಣ್ಣೆಗೂ ಖನಿಜ ಎಣ್ಣೆಗೂ ಆಗಿಬರುವುದಿಲ್ಲ. ಸೀಲ್ ಉಬ್ಬಿ ಮೆತ್ತಗಾಗುತ್ತದೆ.

ನಾಲ್ಕನೇ ಗೇರ್
ನಾನು ಬ್ರೇಕ್ ಎಣ್ಣೆ ಅಂದೆನಾ? ಎಲ್ಲಿ ಅಂದೆ, ತೋರಿಸಿ.

ಮಳೆಹನಿ
ಎಣ್ಣೆ ಜಗಳ ಆಮೇಲೆ ಆಡಿ. ನನ್ನ ಗಾಡಿಯನ್ನು ಕೊಂದದ್ದು ನೀರು. ರೂಫಿನ ಬುಡದಲ್ಲಿ, ಎರಡೂ ಕಡೆ, ನೀರು ಇಳಿದುಹೋಗಲು ತೂತು ಇರುತ್ತದೆ. ಎಲೆ, ಧೂಳು ಕೂತು ಮುಚ್ಚಿಕೊಂಡರೆ ನೀರು ಒಳಗೆ ಇಳಿಯುತ್ತದೆ. ನನಗೆ ಅದು ಗೊತ್ತಾಗಿದ್ದು ಬ್ರೇಕ್ ಹಾಕಿದಾಗ ಸೀಟಿನ ಕೆಳಗೆ ಗುಳುಗುಳು ಸದ್ದು ಬಂದಾಗ. ಅಲ್ಲಿ ಕೂತಿದ್ದ ಮಾಡ್ಯೂಲ್ ಸತ್ತಿತು. ಗಾಡಿ ಸ್ಟಾರ್ಟ್ ಆಗಲಿಲ್ಲ, ಬಾಗಿಲು ಲಾಕ್ ಆಗಲಿಲ್ಲ. ಕಾರ್ಪೆಟ್ ಕೆಳಗಿನ ಸ್ಪಂಜಿನಿಂದ ಮಗ್ಗಿನಲ್ಲಿ ಅಳೆದು 7 ಲೀಟರ್ ಹಿಂಡಿದೆ. ಒಣಗಲು 16 ದಿನ, ಎರಡು ಫ್ಯಾನ್. ಆ ವಾಸನೆ ಇವತ್ತಿಗೂ ಹೋಗಿಲ್ಲ.

ಇದೆಲ್ಲ ಉಳಿಸಲು ಬೇಕಾಗಿದ್ದು ಒಂದು ಮೆತ್ತನೆ ನೈಲಾನ್ ತಂತಿ, ಹತ್ತು ನಿಮಿಷ. ಗಟ್ಟಿ ಕಬ್ಬಿಣದ ತಂತಿ ಬೇಡ, ಕೊಳವೆಯೇ ಕಿತ್ತು ಬರುತ್ತದೆ. ನನ್ನ ಎಡಗಡೆಯದು ಹಾಗೇ ಕಿತ್ತು ಬಂತು.

ಹಳೇಕಬ್ಬಿಣ
ನಾನು ಮುಚ್ಚಿ ಇಟ್ಟವನು. ಪಶ್ಚಾತ್ತಾಪ ಇಲ್ಲ. ಪಂಪಿನ ಬೈಪಾಸ್ ಸ್ಕ್ರೂ ಸಡಿಲಿಸಿದರೆ ಒತ್ತಡ ಇಳಿಯುತ್ತದೆ, ಬೇಕೆಂದಾಗ ಇಬ್ಬರು ಹಿಡಿದು ಕೈಯಲ್ಲೇ ಮಡಚಬಹುದು. ನಾಲ್ಕು ವರ್ಷದಲ್ಲಿ ರೂಫಿಗೆ ನಯಾಪೈಸೆ ಖರ್ಚಿಲ್ಲ. ಮುಂಚೆ ಕೈಯಲ್ಲಿ ಮಡಚುತ್ತಿರಲಿಲ್ಲವಾ? 1939ರಲ್ಲಿ ಪ್ಲಿಮತ್ ಅನ್ನುವ ಅಮೆರಿಕನ್ ಕಂಪನಿ ವ್ಯಾಕ್ಯೂಮಿನಿಂದ ಏಳುವ ರೂಫ್ ತಂದು ಈ ಚಟ ಹತ್ತಿಸಿತು.

ಗ್ರೀಸ್‌ಕೈ
ನಾಲ್ಕು ವರ್ಷದಲ್ಲಿ ಎಷ್ಟು ಸಲ ಮಡಚಿದ್ದೀರಿ?

ಹಳೇಕಬ್ಬಿಣ
ಎರಡು ಸಲ.

ಗ್ರೀಸ್‌ಕೈ
ಅಲ್ಲಿಗೆ ಅದು ಕನ್ವರ್ಟಿಬಲ್ ಅಲ್ಲ, ಸೋರುವ ಕಾರು. ಆಡಿಸದೆ ಬಿಟ್ಟರೆ ಸೀಲ್ ಒಣಗುತ್ತದೆ, ಕೀಲು ಹಿಡಿಯುತ್ತದೆ. ತಿಂಗಳಿಗೊಮ್ಮೆಯಾದರೂ ಪೂರ್ತಿ ತೆರೆದು ಮುಚ್ಚಬೇಕು.

ಮಳೆಹನಿ
ಒದ್ದೆ ಬಟ್ಟೆ ಮಡಚಿ ಹಾಗೇ ಬಿಡಬೇಡಿ, ಬೂಷ್ಟು ಹಿಡಿಯುತ್ತದೆ. ಕೊರೆಯುವ ಚಳಿಯಲ್ಲಿ ಪ್ಲಾಸ್ಟಿಕ್ ಕಿಟಕಿಯ ರೂಫ್ ಮುಟ್ಟಲೇಬೇಡಿ. ನನ್ನದು ಬಿಸ್ಕತ್ತಿನ ಹಾಗೆ ಮುರಿಯಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಕೀಲಿಕೈ
ಹೈಡ್ರಾಲಿಕ್ ಅನ್ನುವುದೇ ತಲೆನೋವು. ಮೋಟಾರ್ ರೂಫ್ ಇರುವ ಗಾಡಿ ತೆಗೆದುಕೊಳ್ಳಿ, ಸೋರಲು ಏನೂ ಇಲ್ಲ. ಹೈಡ್ರಾಲಿಕ್ಕಿನ ಮರ್ಸಿಡಿಸ್ ಆರ್129 ರೂಫಿಗೆ ಹತ್ತಕ್ಕಿಂತ ಜಾಸ್ತಿ ಸಿಲಿಂಡರ್. ಮಜ್ದಾ ಎಂಎಕ್ಸ್-5ರ ಮಡಚುವ ಗಟ್ಟಿ ರೂಫ್ 2006ರಲ್ಲೇ ಬರೀ ಮೋಟಾರಿನಲ್ಲಿ 12 ಸೆಕೆಂಡಿಗೆ ಮುಗಿಸುತ್ತಿತ್ತು. ಫೋರ್ಡ್ ಮಸ್ಟಾಂಗ್ ಕೂಡ 2015ರ ಮಾಡೆಲಿನಲ್ಲಿ ಹೈಡ್ರಾಲಿಕ್ ಬಿಟ್ಟಿತು. ಸುಮ್ನೆ ಬಿಟ್ಟರಾ?

ನಾಲ್ಕನೇ ಗೇರ್
ಮೋಟಾರ್ ಕೆಡುವುದಿಲ್ಲವಾ? ನನ್ನ ಹಿಂದಿನ ಗಾಡಿ ಮೋಟಾರಿನದೇ. ಮೋಟಾರಿನಿಂದ ಎರಡೂ ಕಡೆಯ ಗೇರಿಗೆ ಸ್ಪೀಡೋಮೀಟರ್ ಕೇಬಲ್ ಥರ ತಿರುಗುವ ಕೇಬಲ್. ಅದರ ಹೊರಕವಚ ಕುಗ್ಗಿ, ಒಂದು ಕಡೆ ಕೇಬಲ್ ಕಳಚಿತು. ಇನ್ನೊಂದು ಕಡೆ ತಿರುಗುತ್ತಲೇ ಇತ್ತು. ನಾನು ಬಟನ್ ಬಿಡಲಿಲ್ಲ. ಕಬ್ಬಿಣದ ಕಮಾನು ಲಟಕ್ ಅಂತ ಸೊಟ್ಟಗಾಯಿತು, ಬಟ್ಟೆ ಒಂದು ಗೇಣು ಹರಿಯಿತು. ಬಟ್ಟೆ, ಕಮಾನು, ಎರಡು ಗೇರು. ಗಾಡಿ ಮಾರಿದಾಗ ಬಂದ ದುಡ್ಡಿನ ಮುಕ್ಕಾಲು ಪಾಲು ಆ ಒಂದು ಸೆಕೆಂಡಿಗೆ ಹೋಯಿತು.

ಹಳೇಕಬ್ಬಿಣ
ಮೋಟಾರೂ ಹೊಸದೇನಲ್ಲ. 1957ರಿಂದ 59ರವರೆಗೆ ಫೋರ್ಡ್ ಸ್ಕೈಲೈನರ್ ಇತ್ತು. ಇಡೀ ಗಟ್ಟಿ ರೂಫ್ ಮೋಟಾರುಗಳ ಬಲದಿಂದ ಡಿಕ್ಕಿಯೊಳಗೆ ಹೋಗುತ್ತಿತ್ತು. ಅದಕ್ಕೆ 600 ಅಡಿಗಿಂತ ಜಾಸ್ತಿ ವೈರು, 10 ಲಿಮಿಟ್ ಸ್ವಿಚ್ಚು (ಭಾಗ ಕೊನೆ ಮುಟ್ಟಿತು ಅಂತ ಹೇಳುವ ಸ್ವಿಚ್ಚು). ಕೀಲಿಕೈ ಅವರಿಗೆ ಒಂದು ತಂದುಕೊಡಿ, ಎಷ್ಟು ವಾರಾಂತ್ಯ ಬೇಕಾಗುತ್ತದೋ ನೋಡೋಣ.

ಕೀಲಿಕೈ
ಎರಡು ಸಲ ರೂಫ್ ತೆರೆದವರು ಮಾತಾಡುತ್ತಿದ್ದಾರೆ, ಎಲ್ಲರೂ ಕೇಳಿ.

ಬಿಸಿಲುಗುದುರೆ (ಕೇಳಿದವರು)
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹಿಂದಿನ ಪ್ಯಾನೆಲ್ ಬಿಚ್ಚಿ ನೋಡಿದೆ. ಬಲಗಡೆ ದೊಡ್ಡ ಸಿಲಿಂಡರಿನ ರಾಡ್ ಸುತ್ತ ಒದ್ದೆ, ಎಡಗಡೆ ಒಣಗಿದೆ. ಟ್ಯಾಂಕಿನಲ್ಲಿ ಎಣ್ಣೆ ಕೆಳಗಿನ ಗೆರೆಗಿಂತ ಕಮ್ಮಿ. ಸದ್ಯಕ್ಕೆ ಎಣ್ಣೆ ತುಂಬಿಸಿ ಒಂದು ಸಲ ಮುಚ್ಚಿ ಇಡಬಹುದಾ?

ಗ್ರೀಸ್‌ಕೈ
ಒಂದೇ ಸಲ, ಅದೂ ಬಲಗಡೆಯ ಕಮಾನಿಗೆ ಯಾರಾದರೂ ಕೈ ಕೊಟ್ಟು ಸಮ ಎತ್ತಲಿ. ಡೊಂಕಾಗಿ ಎದ್ದರೆ ನಾಲ್ಕನೇ ಗೇರ್ ಅವರಿಗೆ ಆದದ್ದೇ ಆಗುತ್ತದೆ. ಆಮೇಲೆ ಎರಡನ್ನೂ ಬಿಚ್ಚಿ ಕಳಿಸಿ. ಒಂದನ್ನಲ್ಲ, ಎರಡನ್ನೂ.

ನಾಲ್ಕನೇ ಗೇರ್
ನನ್ನ ಹೆಸರು ಯಾಕೆ ಎಳೆಯುತ್ತೀರಿ? ಬಿಸಿಲುಗುದುರೆ ಅವರೇ, ಟ್ಯಾಂಕಿನ ಎಣ್ಣೆ ಕೆಂಪಗಿದೆಯಾ, ಹಸಿರಿದೆಯಾ? ಕೆಂಪಾದರೆ ನಾನು ಹೇಳಿದ್ದೇ ಸರಿ.

ಗ್ರೀಸ್‌ಕೈ
ಮುಚ್ಚಳದ ಮೇಲೆ, ಕೈಪಿಡಿಯಲ್ಲಿ ಏನು ಬರೆದಿದೆ ನೋಡಿ. ಬಣ್ಣ ನೋಡಿ ಎಣ್ಣೆ ಹೇಳುವವರ ಜೊತೆ ನನಗೆ ಮಾತಿಲ್ಲ.

ನಾಲ್ಕನೇ ಗೇರ್
8 ವರ್ಷ. ಒಂದು ಹನಿ ಸೋರಿಲ್ಲ.