ವಚನದ ಕೊನೆಯ ಅಂಕಿತವನ್ನು ನಾವೇ ಇಟ್ಟುಕೊಳ್ಳಬಹುದೇ?

ಪ್ರಶ್ನೆ ಕೇಳಿದವರು: ಬೆಳಗಿನ ಕ್ಯಾನು

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ 11 ವರ್ಷಗಳಿಂದ ಕಾರ್ಯದರ್ಶಿಯಾಗಿದ್ದೇನೆ. ಬೆಳಿಗ್ಗೆ ಐದೂವರೆಗೆ ಡೈರಿಯ ಬಾಗಿಲು ತೆಗೆದರೆ ಲಾರಿ ಬಂದು ಕ್ಯಾನುಗಳನ್ನು ಒಯ್ಯುವವರೆಗೆ ತಲೆ ಎತ್ತಲು ಬಿಡುವಿರುವುದಿಲ್ಲ. ಲಾರಿ ಹೋದ ಮೇಲೆ, ಲೆಕ್ಕ ಹೊಂದಿಸಿ ಮನೆಗೆ ಹೊರಡುವ ಮುನ್ನ ಸಿಗುವ ಇಪ್ಪತ್ತು ನಿಮಿಷಗಳಲ್ಲಿ, ಹಳೆಯ ರಿಜಿಸ್ಟರಿನ ಹಿಂಬದಿಯ ಹಾಳೆಗಳಲ್ಲಿ ನಾಲ್ಕಾರು ಸಾಲು ಬರೆಯುವ ಅಭ್ಯಾಸ ಎರಡು ವರ್ಷಗಳಿಂದ ಬೆಳೆದಿದೆ. ಅವು ಕವಿತೆಗಳಲ್ಲ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಬಾಯಿಪಾಠ ಮಾಡಿದ ವಚನಗಳ ಧಾಟಿಯೇ ಕೈಗೆ ಬರುತ್ತದೆ. ಅವುಗಳಲ್ಲಿ ಒಂದನ್ನು ಕೆಳಗೆ ಕೊಟ್ಟಿದ್ದೇನೆ.

ಮೂವತ್ತು ಮನೆಯ ಹಾಲ ಅಳೆದೆ,
ನೀರು ಬೆರೆತಿದ್ದರೆ ಮುಖ ನೋಡದೆ ಹೇಳಿದೆ.
ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು
ನನ್ನೊಳಗೆ ಬೆರೆತ ನೀರೆಷ್ಟೆಂದು ಕೇಳಿದರೆ
ಅಳತೆಯ ಕೋಲು ಮುಳುಗಿಯೇ ಹೋಯಿತು,
................

ಚುಕ್ಕೆಗಳಿರುವ ಜಾಗವೇ ನನ್ನ ತೊಡಕು. ವಚನಕಾರರು ವಚನದ ಕೊನೆಯಲ್ಲಿ ತಮ್ಮ ಗುರುತಾಗಿ ಇಡುವ ಹೆಸರಿಗೆ ಅಂಕಿತ ಎನ್ನುತ್ತಾರಲ್ಲ, ಅದರ ಜಾಗ ಅದು. ಅಲ್ಲಿ ಒಂದು ಹೆಸರು ಬೇಕೆಂದು ಕಿವಿ ಹೇಳುತ್ತದೆ, ಆದರೆ ಯಾರ ಹೆಸರೆಂದು ತಿಳಿಯುತ್ತಿಲ್ಲ. ಗಂಡನ ಮನೆದೇವರು ವೀರಭದ್ರನ ಹೆಸರನ್ನು ಇಟ್ಟು ನೋಡಿದೆ, ಬೇರೆಯವರ ಸೀರೆ ಉಟ್ಟಂತಾಯಿತು. ನನ್ನ ತವರಿನಲ್ಲಿ ಸೇದುವ ಬಾವಿಯ ಪಕ್ಕದ ಬೇವಿನ ಬುಡದಲ್ಲಿ ಒಂದು ಕಲ್ಲು ಇದೆ, ಚೌಡವ್ವ ಎನ್ನುತ್ತಾರೆ. ನೀರಿಗೆ ಹೋದಾಗಲೆಲ್ಲ ಮೊದಲ ಕೊಡದ ಒಂದು ಬೊಗಸೆಯನ್ನು ಆ ಕಲ್ಲಿಗೆ ಎರೆದು, ಮನೆಯಲ್ಲಿ ಹೇಳಲಾಗದ್ದನ್ನು ಅವಳಿಗೆ ಹೇಳಿ ಬರುವುದು ನಮ್ಮವ್ವನ ರೂಢಿಯಾಗಿತ್ತು. ಆ ಹೆಸರೇ ನಾಲಿಗೆಗೆ ಬರುತ್ತದೆ.

ಊರಿನ ಹಿರಿಯರೊಬ್ಬರಿಗೆ ಇದನ್ನು ತೋರಿಸಿದೆ. ದೀಕ್ಷೆಯಾಗದವರಿಗೆ ಅಂಕಿತವೆಲ್ಲಿಂದ ಬಂತು, ಅದೂ ಚೌಡವ್ವನ ಹೆಸರಿನಲ್ಲಿ ವಚನವೆಂದರೇನು, ವಚನವೆಂದರೆ ಅನುಭಾವ, ಅಂದರೆ ದೇವರನ್ನು ಒಳಗೇ ಕಂಡವರ ಮಾತು, ನೀನು ಬರೆದಿರುವುದು ನಿನ್ನ ಗೋಳು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅಂದಿನಿಂದ ಮೂರು ವಾರ ರಿಜಿಸ್ಟರಿನ ಹಿಂಬದಿಯನ್ನು ತೆರೆದಿಲ್ಲ. ಅಂಕಿತವನ್ನು ಯಾರಾದರೂ ಕೊಡಬೇಕೇ ಅಥವಾ ನಾವೇ ಇಟ್ಟುಕೊಳ್ಳಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ನಿವೃತ್ತ ಮೇಷ್ಟ್ರು

ಸಹೋದರಿ, ನಾನು ಪದವಿ ತರಗತಿಗಳಿಗೆ ಕನ್ನಡ ಪಾಠ ಮಾಡಿದವನು, ಧಾರ್ಮಿಕ ಅಧಿಕಾರದಿಂದ ಮಾತನಾಡುವವನಲ್ಲ. ಸಾಹಿತ್ಯದ ದಾಖಲೆ ಏನು ಹೇಳುತ್ತದೆ ಎಂಬಷ್ಟನ್ನು ಹೇಳಬಲ್ಲೆ.

ಮೊದಲು ಹಿರಿಯರ ಮಾತಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸೋಣ. ಮರಕ್ಕೊಂದು, ಬಾವಿಗೊಂದು ದೈವವನ್ನು ಕಲ್ಪಿಸಿಕೊಂಡು ಪೂಜಿಸುವುದನ್ನು ಬಸವಣ್ಣನವರ ವಚನಗಳು ಕಟುವಾಗಿ ಟೀಕಿಸಿವೆ. ಆದ್ದರಿಂದ ಚೌಡವ್ವನ ಹೆಸರನ್ನು ವಚನದ ಕೊನೆಯಲ್ಲಿ ಕಂಡು ಅವರು ಹುಬ್ಬುಗಂಟಿಕ್ಕಿದ್ದು ಸಹಜವಾಗಿದೆ. ಆದರೆ ಅಲ್ಲಿಂದ ಮುಂದಕ್ಕೆ ಅವರೊಂದಿಗೆ ಹೋಗಲು ನನಗೆ ಸಾಧ್ಯವಾಗುವುದಿಲ್ಲ. ಹನ್ನೆರಡನೆಯ ಶತಮಾನದ ಅಂಕಿತಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರೆ ಅವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದವಲ್ಲ ಎಂಬುದು ತಾನಾಗಿಯೇ ಕಾಣುತ್ತದೆ. ಬಸವಣ್ಣನವರ ಕೂಡಲಸಂಗಮದೇವ ಕೃಷ್ಣಾ ಮಲಪ್ರಭೆಯರು ಕೂಡುವ ಊರಿನ ದೇವರು, ಅಂದರೆ ತಾವು ಬಾಲ್ಯದಿಂದ ಬಲ್ಲ ನೆಲದ ಹೆಸರು. ಮುಕ್ತಾಯಕ್ಕನ ಅಂಕಿತ ‘ಅಜಗಣ್ಣ ತಂದೆ’. ಅಜಗಣ್ಣ ಆಕೆಯ ಒಡಹುಟ್ಟಿದ ಅಣ್ಣ. ಅವನು ತೀರಿಕೊಂಡ ಮೇಲಿನ ದುಃಖದಲ್ಲಿಯೇ ಆಕೆ ಅಲ್ಲಮಪ್ರಭುವಿನೊಂದಿಗೆ ವಾದಕ್ಕೆ ನಿಲ್ಲುತ್ತಾಳೆ, ಆ ಮಾತುಗಳೇ ಆಕೆಯ ವಚನಗಳು. ಗೋಳು ಬೇರೆ, ಅನುಭಾವ ಬೇರೆ ಎಂದು ಗೆರೆ ಎಳೆಯುವವರು ಮುಕ್ತಾಯಕ್ಕನನ್ನು ಗೆರೆಯ ಯಾವ ಬದಿಗೆ ನಿಲ್ಲಿಸುತ್ತಾರೆ ಎಂದು ನನಗೆ ಕುತೂಹಲವಿದೆ.

ಆಯ್ದಕ್ಕಿ ಲಕ್ಕಮ್ಮನ ಅಂಕಿತವಂತೂ ನಿಮ್ಮ ವೀರಭದ್ರನ ತೊಡಕಿಗೆ ನೇರವಾಗಿ ತಾಗುತ್ತದೆ. ಗಂಡ ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’, ಈಕೆಯದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಹೆಸರೂ ಇದೆ, ಗಂಡನ ದೇವರೂ ಇದ್ದಾನೆ, ಮೇಲುನೋಟಕ್ಕೆ ತನ್ನದೆಂಬುದು ಏನೂ ಇಲ್ಲ. ಆದರೆ ಮಾರಯ್ಯ ದಿನದ ಕಾಯಕಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇಷ್ಟೇಕೆ ಬೇಕಿತ್ತು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ತಿದ್ದಿ ಕಳುಹಿಸಿದವಳು ಇದೇ ಲಕ್ಕಮ್ಮ. ಹಾಗೆ ತಿದ್ದುವ ಮಾತಿನ ಕೊನೆಯಲ್ಲಿಯೇ ‘ಮಾರಯ್ಯಪ್ರಿಯ’ ಎಂದು ಬರುವುದರಲ್ಲಿ ಎಷ್ಟು ಪ್ರೀತಿ, ಎಷ್ಟು ಚುರುಕು ಇದೆಯೆಂಬುದನ್ನು ಜೋರಾಗಿ ಓದಿ ನೋಡಿದರೆ ಮಾತ್ರ ತಿಳಿಯುತ್ತದೆ.

ಅಂಕಿತಕ್ಕೆ ಇನ್ನೊಂದು ವ್ಯಾವಹಾರಿಕ ಕೆಲಸವೂ ಇತ್ತು. ತಾಳೆಗರಿಯ ಕಟ್ಟುಗಳಲ್ಲಿ ಇಂದಿನಂತೆ ಸಾಲು ಮುರಿದು ಬರೆಯುತ್ತಿರಲಿಲ್ಲ, ಅಕ್ಷರಗಳು ಒಂದೇ ಸಮನೆ ಹರಿಯುತ್ತಿದ್ದವು. ಮಾತು ಯಾರದೆಂದು ಗುರುತಿಸಲು ಅಂಕಿತವೇ ಆಧಾರವಾಗಿತ್ತು. ರಚಿಸಿದವರ ಹೆಸರು ಅಳಿದು ಅಂಕಿತವಷ್ಟೇ ಉಳಿದಿರುವ ವಚನಗಳೂ ಸಾಕಷ್ಟಿವೆ. ಅದರ ತೂಕ ಇಂದಿಗೂ ಇಳಿದಿಲ್ಲ. ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚು ಹಾಕಿದ ಸಂಕಲನವೊಂದನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, ಆ ಆದೇಶವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಎತ್ತಿಹಿಡಿಯಿತು. ಇನ್ನೊಬ್ಬರ ಅಂಕಿತವನ್ನು ಮುಟ್ಟಬಾರದು ಎಂಬುದು ಇದರಿಂದ ತಿಳಿಯುತ್ತದೆಯೇ ಹೊರತು, ನಮ್ಮದನ್ನು ನಾವು ಇಟ್ಟುಕೊಳ್ಳಬಾರದು ಎಂದಲ್ಲ.

ಸರ್ಕಾರ ಪ್ರಕಟಿಸಿರುವ 15 ವಚನ ಸಂಪುಟಗಳಲ್ಲಿ ಐದನೆಯದು ಶಿವಶರಣೆಯರದ್ದು. ಗ್ರಂಥಾಲಯದಲ್ಲಿ ಸಿಕ್ಕರೆ, ವಚನಗಳನ್ನು ಬಿಟ್ಟು ಅಂಕಿತಗಳನ್ನಷ್ಟೇ ಒಮ್ಮೆ ಓದಿಕೊಂಡು ಹೋಗಿ.

ಉತ್ತರ 2: ತಂಬೂರಿ

ಮೇಷ್ಟ್ರು ವಚನಗಳ ಕಡೆಯಿಂದ ಹೇಳಿದರು, ನಾನು ದಾಸರ ಪದಗಳ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ನನ್ನ ತವರು ರಾಯಚೂರು, ಈಗ ಪುಣೆಯಲ್ಲಿದ್ದೇನೆ. ನಮ್ಮಲ್ಲಿ ಅಂಕಿತವನ್ನು ‘ಇಟ್ಟುಕೊಳ್ಳುವುದು’ ಎನ್ನುವುದಿಲ್ಲ, ‘ಪಡೆಯುವುದು’ ಎನ್ನುತ್ತೇವೆ. ಪುರಂದರದಾಸರು ಅದನ್ನು ವ್ಯಾಸರಾಯರಿಂದ ಪಡೆದರು, ವಿಜಯದಾಸರ ಶಿಷ್ಯ ಪರಂಪರೆಯಲ್ಲಿಯೂ ಗುರುಗಳು ಕೊಡುವ ಪದ್ಧತಿ ನಡೆದು ಬಂದಿದೆ. ಆದ್ದರಿಂದ ನಿಮ್ಮ ಊರಿನ ಹಿರಿಯರು ಹೇಳಿದ್ದು ತೀರ ಬುಡವಿಲ್ಲದ ಮಾತೇನಲ್ಲ, ಅದಕ್ಕೂ ಒಂದು ಪರಂಪರೆಯ ಬೆಂಬಲವಿದೆ.

ಕೊಡುವವರೊಬ್ಬರು ಇರುವುದರ ಬೆಲೆಯನ್ನು ನಾನು ಮನೆಯಲ್ಲಿಯೇ ಕಂಡಿದ್ದೇನೆ. ನಮ್ಮ ಅಜ್ಜಿ ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದವರು. ತಾವೇ ಕಟ್ಟಿದ ಪದಗಳೂ ಇಪ್ಪತ್ತರಷ್ಟಿದ್ದವು, ಆದರೆ ಅಂಕಿತ ಸಿಗುವವರೆಗೆ ಅವುಗಳನ್ನು ಮಂಡಳಿಯಲ್ಲಿ ಹಾಡಲಿಲ್ಲ, ಒಲೆಯ ಮುಂದಷ್ಟೇ ಹಾಡಿಕೊಂಡರು. ಅಂಕಿತ ಪಡೆದ ದಿನ ಅವರಿಗೆ 61 ವರ್ಷವಾಗಿತ್ತು. ಅಂದು ಸಂಜೆ ಮಂಡಳಿಯಲ್ಲಿ ತಮ್ಮ ಪದವನ್ನು ಮೊದಲ ಬಾರಿಗೆ ಹಾಡುವಾಗ ಅಂಕಿತದ ಚರಣಕ್ಕೆ ಬಂದು, ತಾಳ ಹಾಕುವುದನ್ನು ನಿಲ್ಲಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತುಬಿಟ್ಟರು. ಉಳಿದವರೇ ಆ ಸಾಲನ್ನು ಹಾಡಿ ಮುಗಿಸಿದರು. ಗುರು ಕೊಟ್ಟದ್ದು ಹೆಸರನ್ನು ಮಾತ್ರವಲ್ಲ, ನಿನ್ನ ಪದವನ್ನು ನಾನು ಕೇಳಿದ್ದೇನೆ ಎಂಬ ಮಾತನ್ನೂ ಕೊಟ್ಟಿದ್ದರು ಎಂದು ನನಗೆ ಅನ್ನಿಸುತ್ತದೆ. ಅಷ್ಟು ವರ್ಷ ಅವರು ಕಾದದ್ದು ನ್ಯಾಯವೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಆದರೆ ಒಂದನ್ನು ಗಮನಿಸಿ. ದಾಸರ ಅಂಕಿತವೆಂದರೆ ವಿಠಲನೇ ಆಗಬೇಕು ಎಂದೇನಿಲ್ಲ. ಕನಕದಾಸರದು ಕಾಗಿನೆಲೆಯ ಆದಿಕೇಶವ. ನಿಮ್ಮ ಜಿಲ್ಲೆಯ ಮಲೆಬೆನ್ನೂರಿನ ಹತ್ತಿರ ಹೆಳವನಕಟ್ಟೆಯ ರಂಗನಾಥನ ಗುಡಿಯಿದೆ, ಗಿರಿಯಮ್ಮನವರ ಅಂಕಿತ ಆ ‘ಹೆಳವನಕಟ್ಟೆ ರಂಗ’ನದ್ದೇ. ಕಾಲಿಗೆ ಹತ್ತಿರವಿದ್ದ ದೇವರ ಹೆಸರು ಆಕೆಯ ಹಾಡುಗಳಲ್ಲಿ ಉಳಿದಿದೆ.

ಉತ್ತರ 3: ಸಾದಾ ಓದುಗ

ಇಷ್ಟೆಲ್ಲ ಚರ್ಚೆಯ ಅಗತ್ಯವೇ ನನಗೆ ಕಾಣುತ್ತಿಲ್ಲ. ಕೊನೆಯಲ್ಲಿ ನಿಮ್ಮ ಹೆಸರನ್ನೇ ಬರೆಯಿರಿ ಅಥವಾ ಏನನ್ನೂ ಬರೆಯಬೇಡಿ, ಬರವಣಿಗೆ ಚೆನ್ನಾಗಿದೆ.

ಉತ್ತರ 4: ಕದಿರು

ಸಾದಾ ಓದುಗರೇ, ಹೆಸರನ್ನು ಕೆಳಗೆ ಬರೆದರೆ ಅದು ಸಹಿಯಾಗುತ್ತದೆ, ಅಂಕಿತವಾಗುವುದಿಲ್ಲ. ಸಹಿ ಹೇಳಿದವರು ಯಾರೆಂದು ತಿಳಿಸುತ್ತದೆ, ಅಂಕಿತ ಯಾರಿಗೆ ಹೇಳಿದ್ದೆಂದು ತಿಳಿಸುತ್ತದೆ. ಈ ಎಳೆಯಲ್ಲಿ ಇದುವರೆಗೆ ಅಂಕಿತವನ್ನು ಕೊಡುವವರು ಯಾರು ಎಂಬುದನ್ನೇ ಚರ್ಚಿಸಿದ್ದೇವೆ, ಅದನ್ನು ಕೇಳಿಸಿಕೊಳ್ಳುವವರು ಯಾರು ಎಂಬುದನ್ನು ಯಾರೂ ಕೇಳಿಲ್ಲ.

ಅಕ್ಕಾ, ನಿಮ್ಮ ವಚನವನ್ನು ಮೂರು ಸಲ ಜೋರಾಗಿ ಓದಿದೆ. ನನಗೆ ಕಂಡ ಎರಡು ವಿಷಯಗಳನ್ನು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದು, ‘ಅಳತೆಯ ಕೋಲು’ ಎಂದು ಬರೆದದ್ದೇಕೆ? ನಿಮ್ಮ ಡೈರಿಯಲ್ಲಿ ಅದನ್ನು ಯಾರಾದರೂ ಹಾಗೆ ಕರೆಯುತ್ತಾರೆಯೇ? ಎಲ್ಲರೂ ಲ್ಯಾಕ್ಟೋಮೀಟರ್ ಎನ್ನುತ್ತಾರೆ. ಆ ಪದ ವಚನಕ್ಕೆ ಒಪ್ಪುವುದಿಲ್ಲ ಎಂಬ ಅಂಜಿಕೆಯಿಂದ ಕೋಲನ್ನು ತಂದಿದ್ದೀರಿ ಎಂದು ನನ್ನ ಊಹೆ. ಆದರೆ ನೂಲುವ ಕಾಯಕದ ವಚನಕಾರ್ತಿ ಕದಿರ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಅಡಿಯ ಹಲಗೆ, ತೋರಣ, ಬೊಂಬೆ ಎಂದು ಒಂದೊಂದು ಭಾಗವನ್ನೂ ಅದರದೇ ಹೆಸರಿನಿಂದ ಕರೆದು, ಅಲ್ಲಿಯೇ ಬ್ರಹ್ಮ, ವಿಷ್ಣು, ರುದ್ರರನ್ನು ಕೂರಿಸಿದವಳು. ಅವಳಿಗೆ ರಾಟೆಯ ಮಾತಿನ ಬಗ್ಗೆ ನಾಚಿಕೆಯಿರಲಿಲ್ಲ. ನೀರು ಹೆಚ್ಚಾದಷ್ಟೂ ಲ್ಯಾಕ್ಟೋಮೀಟರ್ ಮುಳುಗುತ್ತದೆ, ಡಿಗ್ರಿ ಇಳಿಯುತ್ತದೆ ಎಂಬುದು ನಿಮಗೆ ದಿನವೂ ಕಣ್ಣೆದುರಿನ ಸತ್ಯ. ಕೋಲು ಎಂದ ಕೂಡಲೇ ಆ ಸತ್ಯ ಮಸುಕಾಗಿ, ಎಲ್ಲೋ ಓದಿದ ಮಾತಿನಂತೆ ಕೇಳಿಸುತ್ತದೆ.

ಎರಡನೆಯದು, ಈಗಿರುವಂತೆ ಆ ವಚನ ಗೋಡೆಗೆ ಹೇಳಿದಂತಿದೆ. ಮುಳುಗಿಹೋಯಿತು ಎಂದಿರಿ. ಯಾರಿಗೆ ಹೇಳಿದಿರಿ? ವೀರಭದ್ರನಿಗೆ ಹೇಳಿದರೆ ಅದು ತಪ್ಪೊಪ್ಪಿಗೆಯಾಗುತ್ತದೆ. ಊರಿನ ಹಿರಿಯರಿಗೆ ಹೇಳಿದರೆ ಅರ್ಜಿಯಾಗುತ್ತದೆ. ನಿಮ್ಮವ್ವ ಮನೆಯಲ್ಲಿ ಹೇಳಲಾಗದ್ದನ್ನು ಹೇಳಿಕೊಳ್ಳುತ್ತಿದ್ದ ಆ ಬಾವಿಯ ಕಲ್ಲಿಗೆ ಹೇಳಿದರೆ ಏನಾಗುತ್ತದೆ ಎಂಬುದನ್ನು ನಾನು ಬರೆಯಬೇಕಾಗಿಲ್ಲ. ನೀರಿನ ಮಾತನ್ನು ನೀರಿನ ದಡದಲ್ಲಿ ಕುಳಿತವಳಿಗಲ್ಲದೆ ಇನ್ನಾರಿಗೆ ಹೇಳುವುದು?

ಸೂಳೆ ಸಂಕವ್ವೆಯದು ನಮಗೆ ದೊರೆತಿರುವುದು ಒಂದೇ ವಚನ. ಒಬ್ಬನಿಂದ ಒತ್ತೆ (ಮುಂಗಡ ಹಣ) ಹಿಡಿದು ಇನ್ನೊಬ್ಬನಿಂದ ಹಿಡಿಯೆನು ಎಂದು ತನ್ನ ವೃತ್ತಿಯ ನೇಮವನ್ನೇ ಭಕ್ತಿಯ ನೇಮವಾಗಿಸಿ ಹೇಳುವ ಆಕೆಯ ಅಂಕಿತ ‘ನಿರ್ಲಜ್ಜೇಶ್ವರ’. ನಾಚಿಕೆಯಿಲ್ಲದವಳು ಎಂದು ಜನ ಆಡುತ್ತಿದ್ದಿರಬಹುದಾದ ಮಾತನ್ನೇ ಎತ್ತಿ ಶಿವನ ತಲೆಯ ಮೇಲಿಟ್ಟಂತಿದೆ ಆ ಹೆಸರು. ಅದನ್ನು ಯಾರಾದರೂ ಅವಳಿಗೆ ದಯಪಾಲಿಸಿರಬಹುದು ಎಂದು ನಂಬುವುದು ನನಗೆ ಕಷ್ಟ. ಇದು ನನ್ನ ಅನಿಸಿಕೆ ಮಾತ್ರ, ಮೇಷ್ಟ್ರು ತಿದ್ದಬಹುದು.

ಉತ್ತರ 5: ನಿವೃತ್ತ ಮೇಷ್ಟ್ರು

ತಿದ್ದುವುದಕ್ಕೇನೂ ಇಲ್ಲ. ಒಂದು ಮಾತನ್ನು ಸೇರಿಸುತ್ತೇನೆ. ದ.ರಾ. ಬೇಂದ್ರೆಯವರ ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮದ ಮೊದಲಿಗೆ ಬರುವುದು ಅವರ ತಾಯಿಯ ಹೆಸರು. ತಾಯಿಯ ಕಡೆಯಿಂದ ಹೆಸರನ್ನು ತಂದುಕೊಳ್ಳುವುದಕ್ಕೆ ಕನ್ನಡದಲ್ಲಿ ಯಾರ ಅಪ್ಪಣೆಯೂ ಬೇಕಾಗಿಲ್ಲ. ಆದರೆ ಒಂದು ವಿಷಯದಲ್ಲಿ ಎಚ್ಚರವಿರಲಿ. ಅದನ್ನು ವಚನವೆಂದು ಕರೆಯದಿದ್ದರೂ ನಿಮ್ಮ ಬರವಣಿಗೆಗೆ ಯಾವ ನಷ್ಟವೂ ಆಗದು. ಹಿರಿಯರೊಂದಿಗೆ ಆ ಪದಕ್ಕಾಗಿ ಜಗಳ ಕಾಯುವುದಕ್ಕಿಂತ, ಪದವನ್ನು ಅವರಿಗೇ ಬಿಟ್ಟುಕೊಟ್ಟು ಸಾಲುಗಳನ್ನು ನೀವು ಇಟ್ಟುಕೊಳ್ಳುವುದು ಒಳ್ಳೆಯದು.

ಉತ್ತರ 6: ಬೆಳಗಿನ ಕ್ಯಾನು

ಎಲ್ಲರಿಗೂ ಕೃತಜ್ಞತೆಗಳು. ಉತ್ತರಿಸಲು ತಡವಾಯಿತು, ಬಟವಾಡೆಯ ವಾರವಾದ್ದರಿಂದ ಲೆಕ್ಕದಲ್ಲಿ ಮುಳುಗಿದ್ದೆ. ತಂಬೂರಿಯವರೇ, ನಿಮ್ಮ ಅಜ್ಜಿಯ ಸೆರಗು ಎರಡು ದಿನ ಕಣ್ಣ ಮುಂದೆಯೇ ಇತ್ತು. ನನಗೆ ಈಗ 47 ವರ್ಷ, ಅಷ್ಟು ಕಾಯುವ ತಾಳ್ಮೆ ನನ್ನಲ್ಲಿಲ್ಲ. ಸಾದಾ ಓದುಗರೇ, ನನ್ನ ಹೆಸರನ್ನೇ ಬರೆದರೆ ಸಂಘದ ಸದಸ್ಯೆಯರು ಅದನ್ನು ಸಂಘದ ನೋಟೀಸೆಂದು ತಿಳಿಯುತ್ತಾರೆ.

ಕದಿರು ಅವರ ಮಾತಿನಂತೆ ಮೊನ್ನೆ ಕೊನೆಯ ಎರಡು ಸಾಲುಗಳನ್ನು ಹೀಗೆ ತಿದ್ದಿದೆ:

ಲ್ಯಾಕ್ಟೋಮೀಟರು ಮುಳುಗಿಯೇ ಹೋಯಿತು ನೋಡವ್ವಾ,
ಬಾವಿದಡದ ಚೌಡವ್ವಾ.

‘ನೋಡವ್ವಾ’ ಎಂದು ಬರೆದ ಮೇಲೆ ಇದು ಗೋಳೋ ಅನುಭಾವವೋ ಎಂಬ ಚಿಂತೆ ನನಗೆ ಉಳಿಯಲಿಲ್ಲ. ಅವ್ವನೂ ಆ ಕಲ್ಲಿನ ಮುಂದೆ ಅದನ್ನು ಬೇರ್ಪಡಿಸಿ ಹೇಳಿದವಳಲ್ಲ.

ಜೋರಾಗಿ ಓದಬೇಕು ಎಂದು ಮೇಷ್ಟ್ರೂ ಕದಿರು ಅವರೂ ಹೇಳಿದ್ದರಿಂದ, ನಿನ್ನೆ ಬೆಳಿಗ್ಗೆ ಲಾರಿ ತಡವಾದಾಗ ಧೈರ್ಯ ಮಾಡಿ, ಹಾಲು ಹಾಕಿ ಹರಟುತ್ತ ನಿಂತಿದ್ದ ಏಳೆಂಟು ಹೆಂಗಸರಿಗೆ ಓದಿ ಹೇಳಿದೆ. ಮೊದಲೆರಡು ಸಾಲಿಗೆ ಎಲ್ಲರೂ ನಕ್ಕರು, ಕನ್ನಡಿಯ ಸಾಲಿಗೆ ಸುಮ್ಮನಾದರು. ಚೌಡವ್ವನ ಹೆಸರು ಬಂದಾಗ ನಮ್ಮ ತವರಿನ ಕಡೆಯವಳೊಬ್ಬಳು ಅರಿವಿಲ್ಲದೆಯೇ ಕೈ ಮುಗಿದಳು. ಒಬ್ಬರು ಮಾತ್ರ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು, ನೀರು ಬೆರೆಸುವವರು ಯಾರೆಂದು ಹೀಗೆ ಸುತ್ತಿ ಬಳಸಿ ಹೇಳುವುದೇಕೆ, ಹೆಸರು ಹಿಡಿದೇ ಹೇಳಬಹುದಿತ್ತಲ್ಲ ಎಂದು ಸಿಡುಕಿ ಹೊರಟುಹೋದರು. ಇಂದು ಬೆಳಿಗ್ಗೆ ಅವರ ಹಾಲಿನ ಡಿಗ್ರಿ 26ರಿಂದ 28ಕ್ಕೆ ಏರಿತ್ತು.