ಡಿ.ಸಿ. ಸರ್ಕ್ಯೂಟ್‌ಗೆ ಶ್ರೀನಿವಾಸನ್ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದ್ದು ಯಾರು?

ಪ್ರಶ್ನೆ – ಲಾ_ಫೈನಲ್_ಇಯರ್
ಅಮೆರಿಕದ ಡಿ.ಸಿ. ಸರ್ಕ್ಯೂಟ್ ಮೇಲ್ಮನವಿ ಕೋರ್ಟಿಗೆ ಶ್ರೀ ಶ್ರೀನಿವಾಸನ್ ಅವರನ್ನು ಆರಿಸಿದ್ದು ಒಬಾಮಾ. ಆದರೆ ಅವರು ಮುಖ್ಯ ನ್ಯಾಯಾಧೀಶರಾದದ್ದು 2020ರ ಫೆಬ್ರುವರಿಯಲ್ಲಿ, ಟ್ರಂಪ್ ಕಾಲದಲ್ಲಿ. ಎದುರು ಪಕ್ಷದ ಅಧ್ಯಕ್ಷರು ಬಡ್ತಿ ಕೊಟ್ಟರೇ? ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವ ನಮ್ಮ ಕೊಲಿಜಿಯಂ ಥರದ್ದು ಅಲ್ಲೂ ಇದೆಯೇ?

ಉತ್ತರ – ಕಟಕಟೆ
ಯಾರೂ ಮಾಡಿದ್ದಲ್ಲ. ಆ ಸ್ಥಾನ ಹಿರಿತನ, ವಯಸ್ಸುಗಳ ಲೆಕ್ಕದಲ್ಲಿ ತಾನಾಗಿ ಬರುತ್ತದೆ. ಸ್ಥಾನ ತೆರವಾದ ದಿನ 65 ತುಂಬಿರಬಾರದು, ಮೇಲ್ಮನವಿ ನ್ಯಾಯಾಧೀಶರಾಗಿ ಕನಿಷ್ಠ 1 ವರ್ಷ ಆಗಿರಬೇಕು, ಹಿಂದೆ ಆ ಹುದ್ದೆಯಲ್ಲಿ ಇದ್ದಿರಬಾರದು. ಇಂಥವರಲ್ಲಿ ಸೇವೆಯಲ್ಲಿ ಎಲ್ಲರಿಗಿಂತ ಹಿರಿಯರಿಗೆ ಅದು ಸಲ್ಲುತ್ತದೆ. ಅವಧಿ 7 ವರ್ಷ.

2020ರಲ್ಲಿ ಆಗಿನ ಮುಖ್ಯ ನ್ಯಾಯಾಧೀಶ ಗಾರ್ಲಂಡ್ ಅವಧಿ ಮುಗಿಯಿತು. ಅದೇ ಕೋರ್ಟಿನ ನ್ಯಾಯಾಧೀಶರಾದ ಹೆಂಡರ್ಸನ್, ರೋಜರ್ಸ್, ಟೇಟಲ್ ಮೂವರೂ ಸೇವೆಯಲ್ಲಿ ಹಿರಿಯರೇ, ಆದರೆ 65 ದಾಟಿ ಬಹಳ ಕಾಲವಾಗಿತ್ತು. ಗ್ರಿಫಿತ್ ಅವರಿಗೆ 65 ತುಂಬಿದ್ದು 2019ರ ಜುಲೈನಲ್ಲಿ, ಏಳೇ ತಿಂಗಳ ಅಂತರದಲ್ಲಿ ತಪ್ಪಿತು! ಮುಂದಿನವರು 1967ರಲ್ಲಿ ಚಂಡೀಗಢದಲ್ಲಿ ಹುಟ್ಟಿ ಕಾನ್ಸಾಸ್‌ನಲ್ಲಿ ಬೆಳೆದ ಶ್ರೀನಿವಾಸನ್.

ಉತ್ತರ – ವಕಾಲತ್ತು
ಕಷ್ಟದ ಮೆಟ್ಟಿಲು ಮೊದಲ ನೇಮಕದ್ದೇ. 2012ರ ಜೂನ್‌ನಲ್ಲಿ ಒಬಾಮಾ ಹೆಸರು ಸೂಚಿಸಿದರು. ನೇಮಕಕ್ಕೆ ಒಪ್ಪಿಗೆ ಕೊಡಬೇಕಾದ ಸೆನೆಟ್ (ಸಂಸತ್ತಿನ ಮೇಲ್ಮನೆ) ಅದನ್ನು ಕೈಗೆತ್ತಿಕೊಳ್ಳಲಿಲ್ಲ, ಅಧಿವೇಶನ ಮುಗಿದಾಗ ಹೆಸರು ವಾಪಸ್ ಬಂತು, 2013ರ ಜನವರಿಯಲ್ಲಿ ಮತ್ತೆ ಕಳಿಸಬೇಕಾಯಿತು. ಆಗ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮತ ಬೇಕಿತ್ತು. ಅದೇ ಕೋರ್ಟಿಗೆ ಸೂಚಿತರಾಗಿದ್ದ ಕೇಟ್ಲಿನ್ ಹ್ಯಾಲಿಗನ್ ಅಲ್ಲೇ ಸಿಕ್ಕಿಬಿದ್ದು, 2013ರ ಮಾರ್ಚ್‌ನಲ್ಲಿ ಹಿಂದೆ ಸರಿದರು. ಶ್ರೀನಿವಾಸನ್ ಮಾತ್ರ ಮೇ 23ರಂದು 97–0 ಮತಗಳಿಂದ ಪಾಸು. ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಪರ ವಾದಿಸುವ ಸಾಲಿಸಿಟರ್ ಜನರಲ್ ಕಚೇರಿಯಲ್ಲಿ ಬುಷ್, ಒಬಾಮಾ ಇಬ್ಬರ ಸರ್ಕಾರಗಳ ಪರವಾಗಿಯೂ ದುಡಿದವರು, ರಿಪಬ್ಲಿಕನ್ ಅಧ್ಯಕ್ಷ ರೇಗನ್ ನೇಮಿಸಿದ್ದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಓ'ಕಾನರ್ ಅವರ ಬಳಿ ಲಾ ಕ್ಲರ್ಕ್ (ಕಾನೂನು ಸಹಾಯಕ) ಆಗಿದ್ದವರು. ಹಾಗಾಗಿ ರಿಪಬ್ಲಿಕನ್ನರಿಗೂ ತಕರಾರು ಎತ್ತುವುದು ಸುಲಭವಿರಲಿಲ್ಲ ಎಂಬುದು ನನ್ನ ಅಂದಾಜು.

ಲಾ_ಫೈನಲ್_ಇಯರ್
ಧನ್ಯವಾದ ಸರ್. ಹಾಗಾದರೆ ಯಾವ ಕೇಸು ಯಾರಿಗೆ ಎಂದು ಹಂಚುವವರು ಅವರೇ ತಾನೆ, ನಮ್ಮ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ (ಸಿಜೆ) ಹಾಗೆ?

ಉತ್ತರ – ಕಟಕಟೆ
ಅಲ್ಲ. ಕೇಸು ಹಂಚುವ ಅಧಿಕಾರ (ರೋಸ್ಟರ್) ಇಲ್ಲಿನ ಸಿಜೆಗೆ ಇರುವಂತೆ ಅಲ್ಲಿಲ್ಲ. ಮೂವರ ಪೀಠಗಳಿಗೆ ಯಾರು ಬರುತ್ತಾರೆಂಬುದು ಯಾದೃಚ್ಛಿಕ. ತೀರ್ಪಿನಲ್ಲಿ ಮುಖ್ಯ ನ್ಯಾಯಾಧೀಶರದೂ ಒಂದೇ ಮತ. ಆಡಳಿತ ನೋಡಿಕೊಳ್ಳುವುದು, ತಾವಿರುವ ಪೀಠದ ಅಧ್ಯಕ್ಷತೆ ವಹಿಸುವುದು, ನ್ಯಾಯಾಧೀಶರ ನಡತೆಯ ಮೇಲಿನ ದೂರುಗಳನ್ನು ಮೊದಲು ಪರಿಶೀಲಿಸುವುದು, ಇವು ಅವರ ಪಾಲಿನ ಹೆಚ್ಚುವರಿ ಹೊರೆ.

ಉತ್ತರ – ವಕಾಲತ್ತು
ನಮ್ಮ ಹೈಕೋರ್ಟಿನ 62ರ ಗಡಿಯಂಥ ನಿವೃತ್ತಿ ವಯಸ್ಸೂ ಅಲ್ಲಿಲ್ಲ. ವಯಸ್ಸು 65, ಸೇವೆ 15 ವರ್ಷ ಆದರೆ 'ಸೀನಿಯರ್ ಸ್ಟೇಟಸ್' ತೆಗೆದುಕೊಂಡು ಕಡಿಮೆ ಕೇಸು ನೋಡಬಹುದು, ಆ ಸ್ಥಾನಕ್ಕೆ ಅಧ್ಯಕ್ಷರು ಹೊಸಬರನ್ನು ಸೂಚಿಸಬಹುದು. ಶ್ರೀನಿವಾಸನ್ ಅವರಿಗೆ ಆ ಅರ್ಹತೆ 2032ಕ್ಕೆ.